ಮೋಟಾರ್ ಎತ್ತುವ ಮುಂಚೆ: ಮಗು ಎತ್ತರ ಬೆಳೆಯದಿದ್ದರೆ ದೋಷ ಹುಡುಕುವ ಕ್ರಮ

ನಮ್ಮಪ್ಪ ಜಗಳೂರು ಕಡೆ ಬೋರ್ ಮೋಟಾರ್ ರಿಪೇರಿ ಮಾಡುತ್ತಿದ್ದರು. ನಾನು ದಾವಣಗೆರೆಯಲ್ಲಿ ಮಕ್ಕಳ ಡಾಕ್ಟರ್. ಎರಡು ಕಸುಬಿಗೂ ಏನೂ ಸಂಬಂಧ ಇಲ್ಲ ಅಂತ ತುಂಬಾ ವರ್ಷ ಅಂದುಕೊಂಡಿದ್ದೆ.

ಅಪ್ಪನಿಗೆ ಒಂದು ಹಟ ಇತ್ತು. ರೈತ ಓಡಿ ಬಂದು "ನೀರು ಬರ್ತಿಲ್ಲ ಕಣಣ್ಣ" ಅಂದ ಕೂಡಲೇ ಮೋಟಾರ್ ಎತ್ತುತ್ತಿರಲಿಲ್ಲ. ನೂರಾರು ಅಡಿ ಪೈಪು ಮೇಲೆಳೆಯುವುದು ಸುಮ್ನೆ ಮಾತಲ್ಲ. ಒಂದಿಡೀ ದಿನ ಬೇಕು, ಆಳು ಬೇಕು, ಕೈತುಂಬಾ ದುಡ್ಡು ಬೇಕು. ಮೊದಲು ಹೊಲಕ್ಕೆ ಹೋಗಿ ಪೈಪ್‌ಲೈನ್ ಉದ್ದಕ್ಕೂ ನಡೆಯುತ್ತಿದ್ದರು. ಎಲ್ಲೋ ಬದುವಿನ ಹತ್ತಿರ ಒಡೆದು ನೀರೆಲ್ಲ ಪಕ್ಕದವರ ಹೊಲಕ್ಕೆ ಹೋಗಿರುತ್ತಿತ್ತು. ಅಲ್ಲಿ ಸರಿಯಿದ್ದರೆ ಕರೆಂಟು, ಫ್ಯೂಸು, ಸ್ಟಾರ್ಟರ್, ಕೇಬಲ್ಲು. ಮೋಟಾರಿನ ಸರದಿ ಕೊನೆಗೆ.

ಮಕ್ಕಳನ್ನು ಎತ್ತರಕ್ಕೆ ಬೆಳೆಸುವ ಗ್ರೋತ್ ಹಾರ್ಮೋನಿನ ದೋಷ ಹುಡುಕುವಾಗ ನಾನು ಮಾಡುವುದೂ ಇದನ್ನೇ. ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಅಪ್ಪ ಅಮ್ಮಂದಿರಿಗೆ ಮತ್ತು ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಅನುಕೂಲ ಆಗಬಹುದು.

ಎರಡು ಚೀಟಿ

ಒಂದೇ ವಾರದಲ್ಲಿ ಇಬ್ಬರು ಹುಡುಗರು ಬಂದರು. ಒಬ್ಬ ದಾವಣಗೆರೆಯವನೇ, 13 ವರ್ಷ. ಇನ್ನೊಬ್ಬ ಚಳ್ಳಕೆರೆ ಹತ್ತಿರದ ಹಳ್ಳಿಯವನು, ಏಳೂವರೆ ವರ್ಷ. ಇಬ್ಬರ ಮನೆಯವರ ಕೈಯಲ್ಲೂ ಲ್ಯಾಬಿನ ಚೀಟಿ. ಬೆಳಿಗ್ಗೆ ಹತ್ತು ಗಂಟೆ ಸುಮಾರಿಗೆ ರಕ್ತ ಕೊಟ್ಟು ಬರೆಸಿದ್ದು. ದೊಡ್ಡವನ ಗ್ರೋತ್ ಹಾರ್ಮೋನ್ 0.3, ಚಿಕ್ಕವನದು 0.1. ಎರಡರ ಕೆಳಗೂ ಕಮ್ಮಿ ಅಂತ ಕೆಂಪು ಗೆರೆ.

"ಇಂಜೆಕ್ಷನ್ ಯಾವಾಗಿಂದ ಶುರು ಮಾಡ್ತೀರಿ ಸರ್?" ದೊಡ್ಡವನ ಅಪ್ಪ ಕುರ್ಚಿಯಲ್ಲಿ ಕೂರುವ ಮುಂಚೆಯೇ ಕೇಳಿದರು.

ಆ ಎರಡು ಚೀಟಿಯನ್ನೂ ಮಡಚಿ ಪಕ್ಕಕ್ಕಿಟ್ಟೆ. ಕರೆಂಟ್ ಇಲ್ಲದ ಹೊತ್ತಲ್ಲಿ ಪೈಪಿನ ಬಾಯಿ ನೋಡಿ ಬೋರ್ ಬತ್ತಿದೆ ಅಂತ ಬರೆದುಕೊಟ್ಟ ಹಾಗಿತ್ತು ಅವು. ನಮ್ಮ ಕಡೆ ಹೊಲಕ್ಕೆ ತ್ರೀ ಫೇಸ್ ಬರುವುದು ದಿನದಲ್ಲಿ ಕೆಲವೇ ಗಂಟೆ, ಅದೂ ಬಹಳ ಸಲ ರಾತ್ರಿ. ಗ್ರೋತ್ ಹಾರ್ಮೋನ್ ಕೂಡ ಹಾಗೇ. ಅದು ಸತತವಾಗಿ ಹರಿಯುವುದಿಲ್ಲ, ಅಲೆ ಅಲೆಯಾಗಿ ಬರುತ್ತದೆ. ಹೆಚ್ಚುಕಮ್ಮಿ ಮೂರು ನಾಲ್ಕು ಗಂಟೆಗೊಂದು ಅಲೆ. ಎಲ್ಲಕ್ಕಿಂತ ದೊಡ್ಡದು ರಾತ್ರಿ ಗಾಢ ನಿದ್ದೆ ಹತ್ತಿದ ಮೇಲೆ. ರಕ್ತಕ್ಕೆ ಬಂದ ಹಾರ್ಮೋನ್ ಸುಮಾರು 20 ನಿಮಿಷದಲ್ಲಿ ಅರ್ಧ ಆಗುತ್ತದೆ. ಹಾಗಾಗಿ ಎರಡು ಅಲೆಗಳ ನಡುವೆ ಚೆನ್ನಾಗಿರುವ ಮಗುವಿನಲ್ಲೂ ಅದು ಸೊನ್ನೆಯ ಹತ್ತಿರವೇ ಇರುತ್ತದೆ.

ಇದಕ್ಕೊಂದು ವಿನಾಯಿತಿ ಇದೆ. ಹುಟ್ಟಿದ ಮೊದಲ ವಾರದಲ್ಲಿ ಮಕ್ಕಳಿಗೆ ಈ ಹಾರ್ಮೋನ್ ಸಹಜವಾಗಿಯೇ ಜಾಸ್ತಿ. ಆಗ ಮಗುವಿನ ಸಕ್ಕರೆ ಇಳಿದಿದ್ದು, ಗ್ರೋತ್ ಹಾರ್ಮೋನೂ ಕಮ್ಮಿ ಇದ್ದರೆ ಆ ಒಂದು ಅಳತೆಗೂ ಬೆಲೆ ಇದೆ. ಆಮೇಲೆ ಇಲ್ಲ.

ವೈರಿಂಗ್ ಹೇಗಿದೆ

ದೋಷ ಹುಡುಕುವವನಿಗೆ ಮೊದಲು ವೈರಿಂಗ್ ಗೊತ್ತಿರಬೇಕು. ಮಿದುಳಿನ ತಳದಲ್ಲಿ ಬಾದಾಮಿಯಷ್ಟು ಜಾಗ, ಅದೇ ಹೈಪೋಥಲಾಮಸ್. ನಮ್ಮ ಲೆಕ್ಕದಲ್ಲಿ ಸ್ಟಾರ್ಟರ್. ಅದರ ಕೆಳಗೆ ಸಣ್ಣ ಕಾಂಡದ ತುದಿಯಲ್ಲಿ ಬಟಾಣಿ ಕಾಳಿನಂತೆ ತೂಗುವುದು ಪಿಟ್ಯುಟರಿ ಗ್ರಂಥಿ. ಅದು ಮೋಟಾರ್. ಗ್ರೋತ್ ಹಾರ್ಮೋನ್ ತಯಾರಾಗುವುದು ಪಿಟ್ಯುಟರಿಯ ಮುಂಭಾಗದಲ್ಲಿ. ಯಾವಾಗ ಬಿಡಬೇಕು, ಯಾವಾಗ ನಿಲ್ಲಿಸಬೇಕು ಅನ್ನುವುದು ಮಾತ್ರ ಮೇಲಿನ ಹೈಪೋಥಲಾಮಸ್‌ನ ಕೈಯಲ್ಲಿ.

ಸ್ಟಾರ್ಟರಿನಲ್ಲಿ ಹಸಿರು ಬಟನ್, ಕೆಂಪು ಬಟನ್ ಇರುತ್ತವೆ ಅಲ್ವಾ? ಇಲ್ಲೂ ಎರಡಿವೆ. ಹಸಿರಿನ ಹೆಸರು ಜಿಎಚ್‌ಆರ್‌ಎಚ್. ಅದು 'ಬಿಡು' ಅನ್ನುತ್ತದೆ. ಕೆಂಪಿನ ಹೆಸರು ಸೊಮ್ಯಾಟೊಸ್ಟ್ಯಾಟಿನ್. ಅದು 'ತಡಿ' ಅನ್ನುತ್ತದೆ. ಕೆಂಪಿನ ಮೇಲಿನ ಒತ್ತಡ ಸಡಿಲವಾಗಿ, ಅದೇ ಹೊತ್ತಿಗೆ ಹಸಿರು ಬಿದ್ದರೆ ಒಂದು ಅಲೆ ಏಳುತ್ತದೆ. ಮತ್ತೆ ಕೆಂಪು ಒತ್ತಿದರೆ ನಿಲ್ಲುತ್ತದೆ.

ಈ ಸಂದೇಶ ಕೆಳಗಿಳಿಯುವುದು ನರದ ಮೂಲಕ ಅಲ್ಲ. ಕಾಂಡದಲ್ಲಿ ಕೂದಲೆಳೆಯಂಥ ರಕ್ತನಾಳಗಳಿವೆ. ಹೈಪೋಥಲಾಮಸ್ ತನ್ನ ಮಾತನ್ನು ಆ ರಕ್ತಕ್ಕೆ ಸುರಿಯುತ್ತದೆ, ರಕ್ತ ಅದನ್ನು ನೇರ ಪಿಟ್ಯುಟರಿಗೆ ಮುಟ್ಟಿಸುತ್ತದೆ. ಇದನ್ನು ಪ್ರಯೋಗ ಮಾಡಿ ಗಟ್ಟಿಯಾಗಿ ತೋರಿಸಿಕೊಟ್ಟವರು ಇಂಗ್ಲೆಂಡಿನ ಜೆಫ್ರಿ ಹ್ಯಾರಿಸ್. ಆ ಸಂದೇಶಗಳು ಯಾವುವು ಅಂತ ಹುಡುಕಲು ರೋಜರ್ ಗಿಯ್ಮಾಂ ಕುರಿಗಳ ಮಿದುಳನ್ನೂ ಆಂಡ್ರ್ಯೂ ಶ್ಯಾಲಿ ಹಂದಿಗಳ ಮಿದುಳನ್ನೂ ಲಕ್ಷಗಟ್ಟಲೆ ಅರೆದರು, ಅದೂ ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿದ್ದು. 1977ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇದರಲ್ಲೊಂದು ತಮಾಷೆ ಇದೆ. ಗಿಯ್ಮಾಂ ಅವರ ಲ್ಯಾಬಿನವರು ಹುಡುಕುತ್ತಿದ್ದದ್ದು ಹಸಿರು ಬಟನ್ನು. 1973ರಲ್ಲಿ ಸಿಕ್ಕಿದ್ದು ಕೆಂಪು. ಹಸಿರು ಸಿಗಲು 1982ರ ತನಕ ಕಾಯಬೇಕಾಯಿತು. ಅದೂ ಸಿಕ್ಕಿದ್ದು ಮಿದುಳಿನಲ್ಲಲ್ಲ, ಗ್ರೋತ್ ಹಾರ್ಮೋನ್ ಜಾಸ್ತಿಯಾಗಿ ಕೈಕಾಲು ಮುಖ ದಪ್ಪಗಾಗುತ್ತಿದ್ದ ರೋಗಿಗಳ ಮೇದೋಜೀರಕ ಗ್ರಂಥಿಯ ಗೆಡ್ಡೆಯಲ್ಲಿ.

ಮೂರನೇ ಒಂದು ಕೈ ಕೂಡ ಇದೆ. ಹಸಿದ ಹೊಟ್ಟೆಯಿಂದ ಬರುವ ಗ್ರೆಲಿನ್. 1999ರಲ್ಲಿ ಜಪಾನಿನವರು ಕಂಡುಹಿಡಿದರು. ಅದೂ ಹಾರ್ಮೋನ್ ಬಿಡುವ ಕಡೆಗೇ ತಳ್ಳುತ್ತದೆ.

ಬಿಟ್ಟ ಗ್ರೋತ್ ಹಾರ್ಮೋನ್ ಎಲುಬಿನ ತುದಿಯ ಎಳೆಯ ಭಾಗದ ಮೇಲೆ ನೇರವಾಗಿಯೂ ಕೆಲಸ ಮಾಡುತ್ತದೆ. ಹೆಚ್ಚಿನದು ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನಿನ ಮೂಲಕ. ರಕ್ತದಲ್ಲಿ ಓಡಾಡುವ ಐಜಿಎಫ್-1 ಬಹುಪಾಲು ಲಿವರ್‌ನಲ್ಲಿ ತಯಾರಾಗುತ್ತದೆ. ಅದು ಸಾಕಷ್ಟಾದಾಗ ಮೇಲಕ್ಕೆ ಸುದ್ದಿ ಹೋಗುತ್ತದೆ. ಕೆಂಪು ಬಟನ್ ಬೀಳುತ್ತದೆ, ಪಿಟ್ಯುಟರಿಯೂ ಕೈ ಬಿಗಿ ಹಿಡಿಯುತ್ತದೆ. ಮನೆ ಮೇಲಿನ ಟ್ಯಾಂಕ್ ತುಂಬಿದಾಗ ಫ್ಲೋಟ್ ಸ್ವಿಚ್ ಮೋಟಾರ್ ನಿಲ್ಲಿಸುವುದಿಲ್ಲವೇ, ಹಾಗೆ.

ದೂರು ನಿಜವೇ?

ಅರ್ಧಕ್ಕರ್ಧ ಕೇಸು ಇಲ್ಲೇ ಮುಗಿಯುತ್ತವೆ. ಹಾಗಾಗಿ ಇದಕ್ಕೆ ಎಷ್ಟು ಹೊತ್ತು ಕೊಟ್ಟರೂ ನಷ್ಟ ಇಲ್ಲ.

ಎತ್ತರ ಅಳೆಯುವುದು ಎಲ್ಲರಿಗೂ ಬರುತ್ತದೆ ಅಂದುಕೊಂಡಿರುತ್ತೇವೆ. ಬರುವುದಿಲ್ಲ. ಚಪ್ಪಲಿ, ಸಾಕ್ಸ್ ಬಿಚ್ಚಬೇಕು. ಹೆಣ್ಣುಮಕ್ಕಳಾದರೆ ತಲೆ ಮೇಲಿನ ಕ್ಲಿಪ್ಪು, ಜುಟ್ಟು ತೆಗೆಸಬೇಕು. ಹಿಮ್ಮಡಿ, ಪೃಷ್ಠ, ಬೆನ್ನು ಗೋಡೆಗೆ ತಾಗಿರಬೇಕು. ಕಣ್ಣು ನೇರ ಎದುರಿಗೆ. ತಲೆ ಮೇಲೆ ಇಡುವ ಪಟ್ಟಿ ಗೋಡೆಗೆ ಸರಿಯಾಗಿ ಅಡ್ಡ ಕೂತಿರಬೇಕು. ಮೂರು ಸಲ ಅಳೆದು ಸರಾಸರಿ ತೆಗೆಯಬೇಕು. ಚಳ್ಳಕೆರೆ ಹುಡುಗ ಮೊದಲ ಸಲ ನಿಂತಾಗ 106 ಬಂತು. ಬಗ್ಗಿ ನೋಡಿದೆ. ಹಿಮ್ಮಡಿ ಎರಡೂ ನೆಲ ಬಿಟ್ಟಿದ್ದವು. "ಯಾಕೋ ತಮ್ಮಾ?" ಅಂದೆ. ಉತ್ತರ ಇಲ್ಲ. ಅವನಜ್ಜಿ ಹೇಳಿದರು, "ಶಾಲ್ಯಾಗ ಎಲ್ಲಾರೂ ಪುಟಾಣಿ ಅಂತಾರಂತ್ರಿ." ಹಿಮ್ಮಡಿ ಇಳಿಸಿದ ಮೇಲೆ 104.

ಸಂಜೆಗಿಂತ ಬೆಳಿಗ್ಗೆ ಎತ್ತರ ಸ್ವಲ್ಪ ಜಾಸ್ತಿ ಇರುತ್ತದೆ. ಬೆನ್ನುಮೂಳೆಯ ನಡುವಿನ ಮೆತ್ತೆಗಳು ಹಗಲೆಲ್ಲ ಅಮುಕಿ ಅಮುಕಿ ಒಂದು ಸೆಂಟಿಮೀಟರ್ ತನಕ ಕಮ್ಮಿ ಆಗಬಹುದು. ಆರು ತಿಂಗಳ ನಂತರ ಮತ್ತೆ ಅಳೆಯುವಾಗ ಅದೇ ಹೊತ್ತಿಗೆ, ಅದೇ ಅಳತೆಪಟ್ಟಿಯಲ್ಲಿ ಅಳೆಯುವುದು ಇದಕ್ಕೇ.

ಆಮೇಲೆ ಮನೆಯ ಲೆಕ್ಕ. ಗಂಡು ಮಗುವಾದರೆ ಅಪ್ಪನ ಎತ್ತರ, ಅಮ್ಮನ ಎತ್ತರ ಕೂಡಿಸಿ, 13 ಸೇರಿಸಿ, ಎರಡರಿಂದ ಭಾಗಿಸಿ. ಹೆಣ್ಣಾದರೆ 13 ಕಳೆದು ಭಾಗಿಸಿ. ಲೆಕ್ಕವೆಲ್ಲ ಸೆಂಟಿಮೀಟರಿನಲ್ಲಿ. ಬಂದ ಸಂಖ್ಯೆಗೆ ಎಂಟು ಹೆಚ್ಚು, ಎಂಟು ಕಮ್ಮಿ. ಮಗು ದೊಡ್ಡವನಾದಾಗ ಆ ಅಂತರದೊಳಗೆ ಬರುವ ಸಾಧ್ಯತೆ ಹೆಚ್ಚು. ಅಪ್ಪನ ಎತ್ತರವನ್ನು ಬಾಯಿಮಾತಿಗೆ ನಂಬಬೇಡಿ, ಅವರನ್ನೂ ಗೋಡೆಗೆ ನಿಲ್ಲಿಸಿ. ಗಂಡಸರು ತಮ್ಮ ಎತ್ತರ ಹೇಳುವಾಗ ಒಂದೆರಡು ಇಂಚು ಸೇರಿಸಿಯೇ ಹೇಳುತ್ತಾರೆ.

ಆದರೆ ಎತ್ತರಕ್ಕಿಂತ ಮುಖ್ಯವಾದದ್ದು ವೇಗ. ಮಗು ಎಷ್ಟಿದೆ ಅನ್ನುವುದಲ್ಲ, ವರ್ಷಕ್ಕೆ ಎಷ್ಟು ಏರುತ್ತಿದೆ ಅನ್ನುವುದು. ಮೊದಲ ವರ್ಷ ಸುಮಾರು 25 ಸೆಂಟಿಮೀಟರ್. ಎರಡನೇ ವರ್ಷ 10ರಿಂದ 12. ನಾಲ್ಕು ವರ್ಷದಿಂದ ಪ್ರಾಯ ಬರುವ ತನಕ ವರ್ಷಕ್ಕೆ 5ರಿಂದ 6. ಈ ವಯಸ್ಸಿನಲ್ಲಿ ವರ್ಷಕ್ಕೆ 4ಕ್ಕಿಂತ ಕಮ್ಮಿ ಏರಿದರೆ ನಾನು ಕಿವಿ ನೆಟ್ಟಗೆ ಮಾಡುತ್ತೇನೆ. ಪ್ಯಾಂಟು ಎರಡು ವರ್ಷವಾದರೂ ಗಿಡ್ಡ ಆಗಿಲ್ಲ ಅಂತ ಅಮ್ಮ ಹೇಳಿದರೆ ಅದೂ ಒಂದು ಸಾಕ್ಷಿ.

ಹಳೆಯ ಅಳತೆ ಎಲ್ಲಿಂದ ತರುವುದು? ತಾಯಿ ಕಾರ್ಡಿನಲ್ಲಿ ಹುಟ್ಟಿದ ತೂಕ ಇರುತ್ತದೆ. ಅಂಗನವಾಡಿಯಲ್ಲಿ, ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಬರೆದಿದ್ದು ಸಿಗಬಹುದು. ಚಳ್ಳಕೆರೆ ಹುಡುಗನದು ಅದಕ್ಕಿಂತ ಚೆನ್ನಾಗಿ ಸಿಕ್ಕಿತು. ಅವರ ಮನೆಯ ನಡುಮನೆ ಬಾಗಿಲ ಚೌಕಟ್ಟಿನ ಮೇಲೆ ಪ್ರತಿ ಯುಗಾದಿಗೆ ಅವನಪ್ಪ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರಂತೆ, ಅವನಿಗೊಂದು, ಅವನ ತಂಗಿಗೊಂದು. ಫೋಟೋ ಕಳಿಸಿ ಅಂದೆ. ಜೊತೆಗೆ ಟೇಪ್ ಹಿಡಿದು ಕಳಿಸಿದರು. ಮೂರು ಯುಗಾದಿ, ಮೂರು ಗೆರೆ. ನಡುವೆ ಒಂದೊಂದು ಸಲಕ್ಕೂ ಮೂರು ಸೆಂಟಿಮೀಟರ್ ದಾಟಿರಲಿಲ್ಲ. ತಂಗಿಯ ಗೆರೆ ಕೊನೆಯ ಯುಗಾದಿಗೆ ಅವನ ಗೆರೆಯ ಪಕ್ಕಕ್ಕೇ ಬಂದಿತ್ತು. ಆ ಫೋಟೋ ಲ್ಯಾಬಿನ ಚೀಟಿಗಿಂತ ನೂರು ಪಾಲು ಮೇಲು.

ದಾವಣಗೆರೆ ಹುಡುಗ 138 ಸೆಂಟಿಮೀಟರ್. ಕ್ಲಾಸಿನ ಫೋಟೋದಲ್ಲಿ ಯಾವಾಗಲೂ ಮುಂದಿನ ಸಾಲು. ಆದರೆ ಶಾಲೆಯ ಕಾರ್ಡಿನ ಪ್ರಕಾರ ವರ್ಷಕ್ಕೆ ಹತ್ತಿರ ಹತ್ತಿರ ಐದು ಏರುತ್ತಲೇ ಬಂದಿದ್ದಾನೆ. ಪ್ರಾಯದ ಲಕ್ಷಣ ಈಗಷ್ಟೇ ಮೊಳಕೆ. ಎಡಗೈಯ ಎಕ್ಸ್‌ರೇ ತೆಗೆಸಿದೆ. ಅಂಗೈ ಮತ್ತು ಮಣಿಕಟ್ಟಿನ ಎಲುಬುಗಳನ್ನು ನೋಡಿ ಮೂಳೆಯ ವಯಸ್ಸು ಹೇಳಬಹುದು. ಅವನದು 11 ಬಂತು. ಅಂದರೆ ಮೈಗೆ ಇನ್ನೂ ಎರಡು ವರ್ಷ ಸಾಲ ಸಿಕ್ಕಿದೆ. "ನೀವು ಯಾವಾಗ ಉದ್ದ ಆದ್ರಿ?" ಅಂತ ಅಪ್ಪನನ್ನು ಕೇಳಿದೆ. ಅವರು ತಲೆ ಕೆರೆದುಕೊಂಡರು. "ಪಿಯುಸಿಗೆ ಹೋದ್ಮೇಲೆ ಸರ್. ಎಸ್ಸೆಸ್ಸೆಲ್ಸಿ ತನಕ ನಾನೂ ಮುಂದಿನ ಬೆಂಚೇ." ಅಪ್ಪ 168, ಅಮ್ಮ 154. ಲೆಕ್ಕ ಹಾಕಿದರೆ ಮಗ 167ರ ಆಸುಪಾಸಿಗೆ ಬರಬೇಕು. ತಡವಾಗಿ ಅರಳುವ ಗಿಡ ಅಷ್ಟೇ. ಇಂಜೆಕ್ಷನ್ ಇಲ್ಲ, ಇನ್ನೊಂದು ಟೆಸ್ಟೂ ಇಲ್ಲ. ಆರು ತಿಂಗಳಿಗೊಮ್ಮೆ ಅಳತೆ. ಆ ಅಪ್ಪನಿಗೆ ಸಮಾಧಾನಕ್ಕಿಂತ ಬೇಜಾರೇ ಜಾಸ್ತಿ ಆದ ಹಾಗೆ ಕಾಣಿಸಿತು. ಏನೋ ಮಾಡಿಸಬೇಕು ಅಂತ ಬಂದವರಿಗೆ 'ಏನೂ ಬೇಡ' ಅನ್ನುವುದು ಕಷ್ಟದ ಮಾತು.

ಪೈಪ್‌ಲೈನ್ ನಡೆಯಿರಿ

ವೇಗ ನಿಜವಾಗಿಯೂ ಕಮ್ಮಿ ಇದ್ದರೂ ಮಿದುಳಿಗೆ ಹೋಗಬೇಡಿ. ಇನ್ನೂ ಹೊಲದಲ್ಲೇ ನೋಡುವುದಿದೆ.

ಊಟ ಸಾಲದೆ ಬೆಳವಣಿಗೆ ನಿಂತಿರಬಹುದು. ಕರುಳು ತಿಂದದ್ದನ್ನು ಹೀರದೆ ಇರಬಹುದು. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಹೊಟ್ಟೆನೋವು, ಭೇದಿ ಏನೂ ಇಲ್ಲದೆ ಬರೀ ಗಿಡ್ಡತನವಾಗಿ ತೋರಿಸಿಕೊಳ್ಳುವುದುಂಟು. ರಕ್ತಹೀನತೆ, ಕಿಡ್ನಿ, ಆಸ್ತಮಾಕ್ಕೆ ತಿಂಗಳುಗಟ್ಟಲೆ ನುಂಗಿದ ಸ್ಟೆರಾಯ್ಡ್ ಮಾತ್ರೆ, ಇವೆಲ್ಲ ಬೆಳವಣಿಗೆ ತಡೆಯುತ್ತವೆ. ಹೆಣ್ಣು ಮಗು ಗಿಡ್ಡ ಇದ್ದರೆ ಬೇರೆ ಲಕ್ಷಣ ಇಲ್ಲದಿದ್ದರೂ ಟರ್ನರ್ ಸಿಂಡ್ರೋಮ್ (ಒಂದು ಎಕ್ಸ್ ಕ್ರೋಮೋಸೋಮ್ ಪೂರ್ತಿಯೋ ಅದರ ಭಾಗವೋ ಇಲ್ಲದಿರುವುದು) ಇದೆಯೇ ಅಂತ ಕ್ರೋಮೋಸೋಮ್ ಟೆಸ್ಟ್ ಮಾಡಿಸಲೇಬೇಕು. ಈ ಸಾಲನ್ನು ಬೇಗ ದಾಟಿ ಹೋಗುತ್ತಿದ್ದೇನೆ, ಆದರೆ ನೀವು ದಾಟಬೇಡಿ.

ಥೈರಾಯ್ಡ್ ಬಗ್ಗೆ ಮಾತ್ರ ನಿಂತು ಹೇಳಬೇಕು. ಅದರಲ್ಲಿ ನಾನೇ ಮುಗ್ಗರಿಸಿದ್ದೇನೆ. ಪ್ರಾಕ್ಟೀಸ್ ಶುರು ಮಾಡಿದ ಹೊಸದು. ಹತ್ತು ವರ್ಷದ ಹುಡುಗಿ, ಎರಡು ವರ್ಷದಿಂದ ಎತ್ತರ ನಿಂತೇಬಿಟ್ಟಿತ್ತು. ದೂರದಿಂದ ಬಂದಿದ್ದರು, ಮತ್ತೆ ಓಡಾಡಿಸುವುದು ಬೇಡ ಅಂತ ಥೈರಾಯ್ಡ್ ವರದಿ ಬರುವ ಮುಂಚೆಯೇ ಗ್ರೋತ್ ಹಾರ್ಮೋನಿನ ಟೆಸ್ಟ್‌ಗೆ ಕೂರಿಸಿದೆ. ಫೇಲ್ ಅಂತ ಬಂತು. ಅಮ್ಮನಿಗೆ ವರ್ಷಗಟ್ಟಲೆ ಇಂಜೆಕ್ಷನ್ ಬೇಕಾಗುತ್ತೆ ಅಂತಲೂ ಹೇಳಿಬಿಟ್ಟೆ. ಎರಡು ದಿನ ಬಿಟ್ಟು ಥೈರಾಯ್ಡ್ ವರದಿ ಬಂತು. ಟಿಎಸ್‌ಎಚ್ ನೂರು ದಾಟಿತ್ತು. ಅದು ಥೈರಾಯ್ಡ್‌ಗೆ 'ಕೆಲಸ ಮಾಡು' ಅನ್ನುವ ಪಿಟ್ಯುಟರಿಯ ಹಾರ್ಮೋನ್, ಥೈರಾಯ್ಡ್ ಸೋತಷ್ಟೂ ಏರುತ್ತದೆ. ಥೈರಾಯ್ಡ್ ಕಮ್ಮಿ ಇದ್ದಾಗ ಗ್ರೋತ್ ಹಾರ್ಮೋನೂ ಸರಿಯಾಗಿ ಏಳುವುದಿಲ್ಲ. ದಿನಕ್ಕೊಂದು ಸಣ್ಣ ಮಾತ್ರೆ ಕೊಟ್ಟ ಮೇಲೆ ಹುಡುಗಿ ಸರಸರ ಏರಿದಳು. ನಾನು ಆ ಅಮ್ಮನನ್ನು ಕರೆದು ಮೊದಲು ಹೇಳಿದ್ದು ತಪ್ಪು ಅಂತ ಒಪ್ಪಿಕೊಂಡೆ. ನಮ್ಮಪ್ಪ ಆಗ ಬದುಕಿದ್ದರು. ಕೇಳಿ ನಕ್ಕರು. "ಫ್ಯೂಸ್ ಹೋಗಿದ್ದಕ್ಕೆ ಮೋಟಾರ್ ಎತ್ತಿದೆ ಅನ್ನು" ಅಂದರು.

ಇನ್ನೊಂದು ಪ್ರಶ್ನೆ ಕೇಳಲು ಮುಜುಗರ. ಮನೆ ಹೇಗಿದೆ? ಹೊಡೆತ, ತಿರಸ್ಕಾರ, ಸದಾ ಭಯದಲ್ಲಿ ಬದುಕುವ ಮಗುವಿನ ಹೈಪೋಥಲಾಮಸ್ ಗ್ರೋತ್ ಹಾರ್ಮೋನನ್ನು ತಾನೇ ತಡೆಹಿಡಿಯಬಲ್ಲದು. 1967ರಲ್ಲಿ ಅಮೆರಿಕದ ವೈದ್ಯರು ಇಂಥ ಮಕ್ಕಳ ಬಗ್ಗೆ ವಿವರವಾಗಿ ಬರೆದರು. ಟೆಸ್ಟ್‌ನಲ್ಲಿ ಹಾರ್ಮೋನ್ ಇಲ್ಲ. ಆ ಮನೆಯಿಂದ ಬೇರೆ ಕಡೆ ಇರಿಸಿದರೆ ಸ್ವಲ್ಪ ದಿನದಲ್ಲಿ ಹಾರ್ಮೋನ್ ಮರಳುತ್ತದೆ, ಮಗು ಬೆಳೆಯುತ್ತದೆ. ಔಷಧಿ ಇಲ್ಲ, ಇಂಜೆಕ್ಷನ್ ಇಲ್ಲ. ಸ್ಟಾರ್ಟರ್ ಸರಿಯಾಗೇ ಇತ್ತು, ಯಾರೋ ಕೆಂಪು ಬಟನ್ ಒತ್ತಿ ಹಿಡಿದಿದ್ದರು.

ಮೊಬೈಲ್ ಹಿಡಿದು ತಡವಾಗಿ ಮಲಗುವುದರಿಂದ ಹೀಗಾಯ್ತಾ ಅಂತ ಬಹಳ ಅಮ್ಮಂದಿರು ಕೇಳುತ್ತಾರೆ. ರಾತ್ರಿಯ ದೊಡ್ಡ ಅಲೆ ಗಡಿಯಾರ ನೋಡಿ ಬರುವುದಿಲ್ಲ, ನಿದ್ದೆ ನೋಡಿ ಬರುತ್ತದೆ. ತಡವಾಗಿ ಮಲಗಿದರೆ ಅದೂ ತಡವಾಗಿ ಬರುತ್ತದೆ. ನಿದ್ದೆ ಚೆನ್ನಾಗಿರಲಿ, ಬೇಡ ಅನ್ನುವುದಿಲ್ಲ. ಆದರೆ ವರ್ಷಕ್ಕೆ ಮೂರು ಸೆಂಟಿಮೀಟರ್ ಏರುವ ಮಗುವಿನ ದೋಷವನ್ನು ಮೊಬೈಲ್ ಮೇಲೆ ಹಾಕಿ ಸುಮ್ಮನಾಗಬೇಡಿ.

ಈ ಕ್ರಮ ಮುರಿಯಬೇಕಾದ ಹೊತ್ತು

ಬೆಳಗಿನ ತಲೆನೋವು, ವಾಂತಿ, ಕಣ್ಣು ಮಂಜು, ವಿಪರೀತ ಬಾಯಾರಿಕೆ, ರಾತ್ರಿ ಹಲವು ಸಲ ಮೂತ್ರ. ಇವುಗಳಲ್ಲಿ ಯಾವುದಾದರೂ ಜೊತೆಗಿದ್ದರೆ ಅಳತೆ, ಆರು ತಿಂಗಳು ಅಂತ ಕೂರಬೇಡಿ. ಪಿಟ್ಯುಟರಿ ಕಾಂಡದ ಹತ್ತಿರ ಕ್ರೇನಿಯೋಫ್ಯಾರಿಂಜಿಯೋಮ ಎಂಬ ಗೆಡ್ಡೆ ಬೆಳೆದಿರಬಹುದು. ನೇರ ಎಂಆರ್‌ಐ. ಹಿಂದೆ ತಲೆಗೆ ರೇಡಿಯೇಷನ್ ಆಗಿರುವ ಮಕ್ಕಳೂ ಈ ಸಾಲಿನವರೇ. ರೇಡಿಯೇಷನ್ನಿಗೆ ಪಿಟ್ಯುಟರಿಗಿಂತ ಹೈಪೋಥಲಾಮಸ್ ಬೇಗ ಸೋಲುತ್ತದೆ, ಅದರಲ್ಲೂ ಮೊದಲು ಕೈಕೊಡುವುದು ಗ್ರೋತ್ ಹಾರ್ಮೋನ್.

ಸ್ಟಾರ್ಟರ್ ಒತ್ತಿ ನೋಡುವುದು

ಚಳ್ಳಕೆರೆ ಹುಡುಗನ ಥೈರಾಯ್ಡ್, ಕಿಡ್ನಿ, ರಕ್ತ, ಸೀಲಿಯಾಕ್ ಎಲ್ಲ ಸರಿ. ಮೂಳೆಯ ವಯಸ್ಸು ನಾಲ್ಕು. ಐಜಿಎಫ್-1 ತೀರಾ ಕೆಳಗೆ. ಐಜಿಎಫ್-1 ದಿನವಿಡೀ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ಇರುತ್ತದೆ, ಯಾವ ಹೊತ್ತಿಗೆ ರಕ್ತ ತೆಗೆದರೂ ನಡೆಯುತ್ತದೆ. ಹಾಗಂತ ಅದೊಂದನ್ನೇ ನಂಬುವ ಹಾಗಿಲ್ಲ. ಊಟ ಸಾಲದ ಮಗುವಿನಲ್ಲೂ ಅದು ಕಮ್ಮಿ, ಚಿಕ್ಕ ಮಕ್ಕಳಲ್ಲಿ ಸಹಜವಾಗಿಯೇ ಕಮ್ಮಿ. ಆದರೆ ಈ ಹುಡುಗ ದುಂಡು ದುಂಡಗೇ ಇದ್ದ. ಹೊಟ್ಟೆ ಸ್ವಲ್ಪ ಮುಂದೆ, ಮುಖ ಗೊಂಬೆಯ ಹಾಗೆ, ಧ್ವನಿ ಕೀರಲು. ಹಳೆಯ ಕಾಗದ ತೆಗೆಸಿ ನೋಡಿದೆ. ಕಾಲು ಮುಂದಾಗಿ ಹುಟ್ಟಿದವನು. ಎರಡನೇ ದಿನ ಸಕ್ಕರೆ ಇಳಿದು ಫಿಟ್ಸ್ ಬಂದು ಐದು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಯಾರೂ ಅದನ್ನು ಎತ್ತರದ ಜೊತೆ ಜೋಡಿಸಿರಲಿಲ್ಲ. ಜೋಡಿಸಬೇಕು. ಗ್ರೋತ್ ಹಾರ್ಮೋನ್ ರಕ್ತದ ಸಕ್ಕರೆ ಇಳಿಯದಂತೆಯೂ ಕಾಯುತ್ತದೆ.

ಈಗ ಬಟನ್ ಒತ್ತಿ ನೋಡುವ ಸಮಯ. ಔಷಧಿ ಕೊಟ್ಟು ಅಲೆ ಎಬ್ಬಿಸಿ, ಅರ್ಧ ಗಂಟೆಗೊಮ್ಮೆ ರಕ್ತ ತೆಗೆದು, ತುದಿ ಎಷ್ಟಕ್ಕೆ ಮುಟ್ಟಿತು ಅಂತ ನೋಡುವುದು. ಯಾವ ಔಷಧಿ ಯಾವ ಬಟನ್ನಿಗೆ ಕೈ ಹಾಕುತ್ತದೆ ಅಂತ ತಿಳಿದಿದ್ದರೆ ವರದಿ ಓದುವುದು ಸುಲಭ. ಕ್ಲೋನಿಡಿನ್ ಹಸಿರು ಬಟನ್ ಒತ್ತಿಸುತ್ತದೆ. ಆರ್ಜಿನಿನ್ ಕೆಂಪಿನ ಮೇಲಿನ ಬೆರಳು ತೆಗೆಸುತ್ತದೆ. ಇನ್ಸುಲಿನ್ ಸಕ್ಕರೆ ಇಳಿಸಿ ಹೈಪೋಥಲಾಮಸ್ ಗಾಬರಿಯಾಗುವಂತೆ ಮಾಡುತ್ತದೆ. ಫಿಟ್ಸ್ ಬಂದ ಮಗುವಿಗೆ ಅದು ಅಪಾಯ, ಹಾಗಾಗಿ ಈ ಹುಡುಗನಿಗೆ ಬಿಟ್ಟೆ. ಗ್ಲೂಕಗಾನ್ ಅಲೆ ನಿಧಾನಕ್ಕೆ ಏಳುತ್ತದೆ, ಮೂರು ಗಂಟೆ ಕಾಯಬೇಕು.

ಒಂದೇ ಟೆಸ್ಟ್ ಸಾಲದು. ಚೆನ್ನಾಗಿರುವ ಮಕ್ಕಳೂ ಒಂದರಲ್ಲಿ ಫೇಲ್ ಆಗುತ್ತಾರೆ. ಎರಡರಲ್ಲೂ ಫೇಲ್ ಆದರೆ ಮಾತ್ರ ಲೆಕ್ಕ. ತುದಿ ಮಿಲಿಲೀಟರಿಗೆ 10 ನ್ಯಾನೋಗ್ರಾಂ ದಾಟಿದರೆ ಪಾಸ್ ಅನ್ನುವುದು ಹಳೆಯ ಲೆಕ್ಕ, ಹೊಸ ಯಂತ್ರಗಳಿಗೆ 7 ಅಂತ ಇಟ್ಟುಕೊಂಡವರೂ ಇದ್ದಾರೆ. ಪ್ರಾಯ ತಡವಾದ ದೊಡ್ಡ ಮಕ್ಕಳಿಗೆ ಮೊದಲು ಕೆಲವು ದಿನ ಲೈಂಗಿಕ ಹಾರ್ಮೋನ್ ಕೊಟ್ಟು ಆಮೇಲೆ ಟೆಸ್ಟ್ ಮಾಡುವುದೂ ಉಂಟು. ಇಲ್ಲದಿದ್ದರೆ ಸುಮ್ನೆ ಫೇಲ್ ಆಗುತ್ತಾರೆ.

ಕ್ಲೋನಿಡಿನ್ ಟೆಸ್ಟ್ ದಿನ ಬೆಳಿಗ್ಗೆ ಎಂಟಕ್ಕೆ ಬಂದರು. ರಾತ್ರಿಯಿಂದ ಉಪವಾಸ. ಕೈಗೆ ಸೂಜಿ ಒಮ್ಮೆ ಕೂರಿಸಿ, ಮಾತ್ರೆ ನುಂಗಿಸಿ ಮಲಗಿಸಿದೆವು. ಕ್ಲೋನಿಡಿನ್ ಬಿಪಿ ಇಳಿಸುತ್ತದೆ, ಮಂಪರು ತರುತ್ತದೆ. ಹುಡುಗ ಅಜ್ಜಿಯ ತೊಡೆ ಮೇಲೆ ತಲೆಯಿಟ್ಟು ಅರ್ಧ ಕಣ್ಣು ಮುಚ್ಚಿದ್ದ. ನರ್ಸ್ ಎರಡನೇ ಸ್ಯಾಂಪಲ್ ತೆಗೆದು ಹೊರಟ ಮೇಲೆ ನಾನು ಒಳಗೆ ಹೋದೆ. ಅಜ್ಜಿಯ ಸೆರಗಿನ ಮರೆಯಿಂದ ಬಿಸ್ಕತ್ತಿನ ಕವರ್ ಚರ್ ಅಂದಿತು. "ಕೂಸು ಹಸದೈತ್ರಿ, ಒಂದಾ ಒಂದು ಕೊಟ್ಟೀನಿ" ಅಂದರು. ಅಷ್ಟಕ್ಕೇ ಆ ದಿನದ ಟೆಸ್ಟ್ ನಿಲ್ಲಿಸಿದೆ. ಜಿಪುಣತನ ಅಲ್ಲ. ಸಕ್ಕರೆ ಏರಿದ ಕೂಡಲೇ ಕೆಂಪು ಬಟನ್ ಬೀಳುತ್ತದೆ, ಗ್ರೋತ್ ಹಾರ್ಮೋನ್ ಇಳಿಯುತ್ತದೆ. ಆಗ ಫೇಲ್ ಅಂತ ಬಂದರೆ ಅದು ಹುಡುಗನ ಫೇಲೋ ಬಿಸ್ಕತ್ತಿನದೋ ಯಾರು ಹೇಳಬೇಕು? ಮುಂದಿನ ವಾರ ಮತ್ತೆ ಬಂದರು. ಈ ಸಲ ಅಜ್ಜಿಗೆ ಮೊದಲೇ ಹೇಳಿದ್ದೆ, ಟೆಸ್ಟ್ ಮುಗಿದ ಮೇಲೆ ಎಷ್ಟು ಬೇಕಾದರೂ ಬೆಣ್ಣೆ ದೋಸೆ ತಿನ್ನಿಸಿ ಅಂತ. ತುದಿ 1.8. ಗ್ಲೂಕಗಾನ್‌ನಲ್ಲಿ 2.1. ಎರಡೂ ನೆಲ ಕಚ್ಚಿದವು.

ಸ್ಟಾರ್ಟರೋ, ಮೋಟಾರೋ, ಕೇಬಲ್ಲೋ?

ಕ್ಲೋನಿಡಿನ್, ಆರ್ಜಿನಿನ್, ಇನ್ಸುಲಿನ್ ಮೂರೂ ಮುಖ್ಯವಾಗಿ ಮೇಲಿನ ಸ್ಟಾರ್ಟರಿಗೇ ಹೇಳುತ್ತವೆ. ಫೇಲ್ ಆದರೆ ದೋಷ ಎಲ್ಲಿ ಅಂತ ತಿಳಿಯುವುದಿಲ್ಲ. ಅಪ್ಪ ಇಂಥ ಹೊತ್ತಲ್ಲಿ ಸ್ಟಾರ್ಟರ್ ಬಿಟ್ಟು ಮೋಟಾರಿಗೆ ಡೈರೆಕ್ಟ್ ಕೊಟ್ಟು ನೋಡುತ್ತಿದ್ದರು. ಇಲ್ಲೂ ಅದಕ್ಕೊಂದು ದಾರಿ ಇದೆ. ಜಿಎಚ್‌ಆರ್‌ಎಚ್ ಅನ್ನೇ ಇಂಜೆಕ್ಷನ್ ಮಾಡುವುದು. ಪಿಟ್ಯುಟರಿ ಎದ್ದರೆ ಮೋಟಾರ್ ಸರಿ, ದೋಷ ಮೇಲೆ. ಏಳದಿದ್ದರೆ ದೋಷ ಕೆಳಗೆ.

ಆದರೆ ಹೋಲಿಕೆ ಇಲ್ಲಿ ಸ್ವಲ್ಪ ಕೈಕೊಡುತ್ತದೆ. ಬೋರಿನ ಮೋಟಾರ್ ಸ್ಟಾರ್ಟರ್ ಇಲ್ಲದೆ ವರ್ಷ ಬಿದ್ದಿದ್ದರೂ ಕುಗ್ಗುವುದಿಲ್ಲ. ಪಿಟ್ಯುಟರಿಯ ಆ ಜೀವಕೋಶಗಳಿಗೆ ಜಿಎಚ್‌ಆರ್‌ಎಚ್ ಬರೀ ಆಜ್ಞೆ ಅಲ್ಲ, ಊಟ ಕೂಡ. ಅದು ಬಹಳ ವರ್ಷ ಬರದಿದ್ದರೆ ಜೀವಕೋಶಗಳೇ ಕಮ್ಮಿಯಾಗುತ್ತವೆ, ಡೈರೆಕ್ಟ್ ಕೊಟ್ಟರೂ ಏಳುವುದಿಲ್ಲ. ಇನ್ನೊಂದು ಕಡೆ, ಹೈಪೋಥಲಾಮಸ್ ಮಾತ್ರ ಕೆಟ್ಟವರಲ್ಲಿ ಈ ಟೆಸ್ಟ್ ಪಾಸ್ ಆಗಿ 'ಏನೂ ತೊಂದರೆ ಇಲ್ಲ' ಅಂತ ದಾರಿ ತಪ್ಪಿಸಬಹುದು. ಹಾಗಾಗಿ ನಾನು ಎಂಆರ್‌ಐ ಕಡೆಗೇ ಹೋಗುತ್ತೇನೆ.

ಚಳ್ಳಕೆರೆ ಹುಡುಗನ ಎಂಆರ್‌ಐ ನೋಡಿದಾಗ ಎಲ್ಲ ಒಂದೇ ನೋಟಕ್ಕೆ ಬಿಡಿಸಿಕೊಂಡಿತು. ಕಾಂಡ ಇರಬೇಕಾದ ಜಾಗದಲ್ಲಿ ಏನೂ ಇಲ್ಲ. ಕೆಳಗೆ ಪಿಟ್ಯುಟರಿ ತೆಳ್ಳಗೆ, ಚಪ್ಪಟೆ. ಪಿಟ್ಯುಟರಿಯ ಹಿಂಭಾಗ ಎಂಆರ್‌ಐನಲ್ಲಿ ಬಿಳಿ ಚುಕ್ಕಿಯಾಗಿ ಹೊಳೆಯುತ್ತದೆ. ಅದು ಕೆಳಗಿಳಿಯದೆ ಮೇಲೆ, ಹೈಪೋಥಲಾಮಸ್‌ನ ಅಂಚಿಗೇ ನಿಂತಿತ್ತು. ಸ್ಟಾರ್ಟರ್ ಇದೆ, ಮೋಟಾರ್ ಇದೆ, ನಡುವಿನ ಕೇಬಲ್ ಇಲ್ಲ. ಹಸಿರು ಬಟನ್ ಎಷ್ಟು ಸಲ ಒತ್ತಿದರೂ ಸುದ್ದಿ ಕೆಳಗೆ ಮುಟ್ಟುವುದೇ ಇಲ್ಲ.

ಮೊದಲ ಚೀಟಿಯೂ ಕಮ್ಮಿ ಅಂತಲೇ ಹೇಳಿತ್ತಲ್ಲ ಅಂತ ಅವನಪ್ಪ ಕೇಳಿದರು. ಹೇಳಿತ್ತು. ದಾವಣಗೆರೆ ಹುಡುಗನಿಗೂ ಅದನ್ನೇ ಹೇಳಿತ್ತು, ಅವನಿಗೆ ಏನೂ ಆಗಿರಲಿಲ್ಲ.

ಕಾಣಸಿಗುವುದು ಅಪರೂಪವಾದ ಇನ್ನೆರಡು ದೋಷ. ಸ್ಟಾರ್ಟರೂ ಸರಿ, ಕೇಬಲ್ಲೂ ಸರಿ, ಮೋಟಾರಿನ ಮೇಲೆ ಜಿಎಚ್‌ಆರ್‌ಎಚ್ ಕೂರುವ ಟರ್ಮಿನಲ್ಲೇ ಹುಟ್ಟಿನಿಂದ ಕೆಟ್ಟಿರುವುದು. ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ, ಬ್ರೆಜಿಲ್‌ನ ಇತಾಬಯಾನಿನ್ಯಾದಲ್ಲಿ ಇಂಥ ದೊಡ್ಡ ಕುಟುಂಬಗಳೇ ಇವೆ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಇದು ಕಾಣಿಸುತ್ತದೆ. ನಮ್ಮ ಕಡೆ ಸೋದರಮಾವನಿಗೆ, ಅತ್ತೆ ಮಗನಿಗೆ ಕೊಡುವ ರೂಢಿ ಇರುವುದರಿಂದ ಸಂಬಂಧದಲ್ಲಿ ಮದುವೆಯೇ ಅಂತ ತಪ್ಪದೆ ಕೇಳಿ. ಇನ್ನೊಂದು, ಗ್ರೋತ್ ಹಾರ್ಮೋನ್ ಧಾರಾಳ, ಐಜಿಎಫ್-1 ಇಲ್ಲ. ಪಂಪ್ ಓಡುತ್ತಿದೆ, ಹೊಲಕ್ಕೆ ನೀರಿಲ್ಲ. ಗ್ರೋತ್ ಹಾರ್ಮೋನಿನ ಮಾತು ಮೈಗೆ ಕೇಳಿಸದ ಈ ದೋಷವೇ ಲಾರಾನ್ ಸಿಂಡ್ರೋಮ್. ತೀವ್ರ ಅಪೌಷ್ಟಿಕತೆಯಲ್ಲೂ ಇದೇ ಚಿತ್ರ ಕಾಣುತ್ತದೆ, ಆದ್ದರಿಂದ ಮೊದಲು ತಟ್ಟೆ ನೋಡಿ, ಆಮೇಲೆ ಜೀನ್ ನೋಡಿ.

ರಿಪೇರಿ ಆದ ಮೇಲೆ

ಕಾಂಡ ಇಲ್ಲದ ಮಗುವಿಗೆ ಗ್ರೋತ್ ಹಾರ್ಮೋನ್ ಒಂದೇ ಅಲ್ಲ, ಅದೇ ದಾರಿಯಲ್ಲಿ ಬರುವ ಬೇರೆ ಆಜ್ಞೆಗಳೂ ಇಂದಲ್ಲ ನಾಳೆ ನಿಲ್ಲಬಹುದು. ಕಾರ್ಟಿಸಾಲ್, ಥೈರಾಯ್ಡ್ ಆಗಾಗ ನೋಡುತ್ತಿರಬೇಕು. ಎರಡೂ ಕಮ್ಮಿ ಬಂದರೆ ಮೊದಲು ಕಾರ್ಟಿಸಾಲ್ ಕೊಟ್ಟು ಆಮೇಲೆ ಥೈರಾಯ್ಡ್ ಮಾತ್ರೆ. ಉಲ್ಟಾ ಮಾಡಿದರೆ ಜೀವಕ್ಕೇ ಅಪಾಯ.

ಇಂಜೆಕ್ಷನ್ ರಾತ್ರಿ ಮಲಗುವ ಹೊತ್ತಿಗೆ, ಚರ್ಮದ ಕೆಳಗೆ, ಪ್ರತಿದಿನ. ಈಗ ಸಿಗುವುದು ಲ್ಯಾಬಿನಲ್ಲಿ ತಯಾರಾದ ಹಾರ್ಮೋನ್. ಬಹಳ ದೇಶಗಳಲ್ಲಿ 1985ರ ತನಕ ಸತ್ತವರ ಪಿಟ್ಯುಟರಿಯಿಂದ ತೆಗೆದು ಕೊಡುತ್ತಿದ್ದರು. ಅದರಿಂದ ಕೆಲವರಿಗೆ ಮಿದುಳನ್ನೇ ತಿನ್ನುವ ಮಾರಕ ಕಾಯಿಲೆ ಅಂಟಿ, ಆ ಪದ್ಧತಿ ನಿಂತಿತು. ಬೆಲೆ ಇವತ್ತಿಗೂ ಹಗುರ ಅಲ್ಲ, ವರ್ಷಗಟ್ಟಲೆ ಕೊಡಬೇಕು. ತಪ್ಪು ಮಗುವಿಗೆ ಶುರು ಮಾಡಬಾರದು ಅನ್ನುವುದಕ್ಕೆ ಇಷ್ಟೆಲ್ಲ ಸುತ್ತು.

ಔಷಧಿಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಫ್ರೀಜರ್‌ನಲ್ಲಿ ಇಡಬಾರದು, ಹೆಪ್ಪುಗಟ್ಟಿದರೆ ಹಾಳು. ಚಳ್ಳಕೆರೆ ಬೇಸಿಗೆ, ಕರೆಂಟಿನ ಕಥೆ ಗೊತ್ತಲ್ಲ. ಬೆಳೆಯುತ್ತಿದ್ದ ಮಗು ಏಪ್ರಿಲ್‌ನಿಂದ ನಿಂತರೆ ಡೋಸ್ ಏರಿಸುವ ಮುಂಚೆ ಫ್ರಿಡ್ಜ್ ನೋಡಿ. ಆಮೇಲೆ ಸೂಜಿ ನಿಜಕ್ಕೂ ದಿನಾ ಬೀಳುತ್ತಿದೆಯೇ ಅಂತ ಕೇಳಿ, ಬೈಯುವ ದನಿಯಲ್ಲಿ ಅಲ್ಲ.

ಆರು ತಿಂಗಳಿಗೆ ಹುಡುಗ ಬಂದ. ಗೋಡೆಗೆ ನಿಂತ, ಹಿಮ್ಮಡಿ ನೆಲಕ್ಕೆ ಅಂಟಿಸಿಯೇ. 109. ಅಜ್ಜಿ ಅಳತೆ ನೋಡಲಿಲ್ಲ, ಅವನ ಪ್ಯಾಂಟಿನ ತುದಿ ತೋರಿಸಿದರು. ಕಾಲುಗಂಟಿನ ಮೇಲಕ್ಕೆ ಹೋಗಿತ್ತು. ಹೊರಡುವಾಗ ಅವನಪ್ಪ ಅಂದರು, ದೀಪಾವಳಿಗೆ ಮನೆಗೆ ಬಣ್ಣ ಹೊಡೆಸಬೇಕು ಅಂತಿದ್ದೀವಿ, ಬಾಗಿಲು ಕಿಟಕಿಗೂ ಸೇರಿಸಿ. ಬಾಕಿ ಎಲ್ಲಾ ಹೊಡೆಸ್ರಿ, ನಡುಮನೆ ಚೌಕಟ್ಟಿನ ಎಡಗಡೆ ಮಾತ್ರ ಮುಟ್ಟಬೇಡಿ ಅಂದೆ.